‘ವಿ’ ಸಾಲಿನ ಮುಂದಿರೋ ಹಕ್ಕಿ ನಾಯಕ ಅಲ್ಲ

ಆಫೀಸಿನ ಎಚ್‌ಆರ್ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಪಕ್ಷದ ಯುವ ಘಟಕದ ಗ್ರೂಪು, ಇವುಗಳಲ್ಲಿ ಒಂದರಲ್ಲಾದರೂ ನಿಮಗೆ ಈ ಫಾರ್ವರ್ಡ್ ಬಂದಿರುತ್ತೆ. ಆಕಾಶದಲ್ಲಿ ‘ವಿ’ ಆಕಾರದಲ್ಲಿ ಹಾರುವ ಹೆಬ್ಬಾತುಗಳ ಫೋಟೊ. ಕೆಳಗೆ ‘ಹೆಬ್ಬಾತುಗಳಿಂದ ನಾಯಕತ್ವದ ಪಾಠ’ ಅನ್ನೋ ತಲೆಬರಹ. ಒಟ್ಟಿಗೆ ಹಾರಿದರೆ ಶೇ 71ರಷ್ಟು ಹೆಚ್ಚು ದೂರ ಹೋಗಬಹುದು, ಮುಂದಿರೋದು ನಾಯಕ, ಹಿಂದಿರುವವು ಕೂಗಿ ಹುರಿದುಂಬಿಸುತ್ತವೆ, ಆದ್ದರಿಂದ ನಾವೂ ನಾಯಕನ ಹಿಂದೆ ಶಿಸ್ತಾಗಿ ನಿಲ್ಲಬೇಕು ಅಂತ ಉಪದೇಶ. ಮ್ಯಾನೇಜರಿಗೂ ಇಷ್ಟ, ಕಾರ್ಯಕರ್ತರನ್ನು ಸಾಲಾಗಿ ನಿಲ್ಲಿಸೋ ಮುಖಂಡರಿಗೂ ಇಷ್ಟ.

ಈ ಉಪದೇಶದಲ್ಲಿ ಅರ್ಧ ನಿಜ ಇದೆ, ಅರ್ಧ ಸುಳ್ಳು ಇದೆ. ಯಾವ ಅರ್ಧ ಯಾವುದು ಅಂತ ತಿಳ್ಕೊಳ್ಳೋದು ಮುಖ್ಯ. ಯಾಕಂದ್ರೆ ಹಕ್ಕಿಗಳು ಯಾಕೆ ಸಾಲು ಕಟ್ಟುತ್ತವೆ ಅನ್ನೋದು ಅರ್ಥವಾದರೆ, ನಮ್ಮ ಬೆಂಗಳೂರಿನ ಕೆರೆಗಳ ರಾಜಕೀಯವೂ ಒಂಚೂರು ಬೇರೆ ಥರ ಕಾಣುತ್ತೆ.

ನಮ್ಮ ತಲೆ ಮೇಲಿನ ಸಾಲು

ನಾನಿರೋದು ಅಲ್ಲಾಳಸಂದ್ರದಲ್ಲಿ. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಇನ್ನೊಂದು ಕಡೆ ಜಕ್ಕೂರಿನ ವಿಮಾನ ತರಬೇತಿ ಶಾಲೆ, ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ. ತಲೆ ಎತ್ತಿದರೆ ಏನಾದರೊಂದು ಹಾರ್ತಾ ಇರುತ್ತೆ. ನಡುವೆ ಅಲ್ಲಾಳಸಂದ್ರ ಕೆರೆ, ಜಿಕೆವಿಕೆಯ ಹಸಿರು, ಸ್ವಲ್ಪ ದೂರಕ್ಕೆ ಜಕ್ಕೂರು ಕೆರೆ, ಯಲಹಂಕ ಕೆರೆ, ಪುಟ್ಟೇನಹಳ್ಳಿ ಕೆರೆ.

ಸಂಜೆ ಹೊತ್ತು ಕೆರೆ ಏರಿ ಮೇಲೆ ನಿಂತರೆ ‘ವಿ’ ಸಾಲು ಕಾಣೋಕೆ ಹಿಮಾಲಯದ ಹೆಬ್ಬಾತೇ ಬರಬೇಕಾಗಿಲ್ಲ. ನೀರುಕಾಗೆಗಳು ಗೂಡಿಗೆ ಮರಳುವಾಗ ಅಚ್ಚುಕಟ್ಟಾಗಿ ಓರೆ ಸಾಲು ಕಟ್ಟುತ್ತವೆ. ಬೆಳ್ಳಕ್ಕಿಗಳ ಸಾಲು ಕಟ್ಟಿಕೊಂಡು, ಮುರಿದುಕೊಂಡು, ಮತ್ತೆ ಕಟ್ಟಿಕೊಂಡು ಹೋಗುತ್ತೆ. ಕೆಂಬರಲುಗಳೂ ಹಾಗೇ. ಎಲ್ಲಕ್ಕಿಂತ ಚೆಂದ ಹೆಜ್ಜಾರ್ಲೆ, ಅಂದ್ರೆ ಪೆಲಿಕನ್. ಮುಂದಿನದು ರೆಕ್ಕೆ ಬಡಿದು ನಿಲ್ಲಿಸಿದರೆ ಹಿಂದಿನದೂ ಬಡಿದು ನಿಲ್ಲಿಸುತ್ತೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೇ ಮರಿ ಮಾಡುವ ಹಕ್ಕಿ ಇದೇ. ಇದು ಖಂಡ ದಾಟಿ ಬರುವ ವಲಸಿಗ ಅಲ್ಲ. ನೀರು, ಮೀನು ಎಲ್ಲಿದೆಯೋ ಅಲ್ಲಿಗೆ ಹೋಗುವ ಒಳನಾಡಿನ ವಲಸಿಗ. ಆದರೆ ಸಾಲು ಕಟ್ಟೋದರ ಹಿಂದಿನ ಭೌತಶಾಸ್ತ್ರ ಎಲ್ಲಕ್ಕೂ ಒಂದೇ.

ಗಾಳಿಯ ಲೆಕ್ಕ

ಬಳ್ಳಾರಿ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗುವ ಸೈಕಲ್ ತಂಡಗಳನ್ನ ನೋಡಿ. ಒಬ್ಬರ ನೇರ ಬೆನ್ನ ಹಿಂದೆ ಇನ್ನೊಬ್ಬರು. ಮುಂದಿನವರು ಗಾಳಿ ಸೀಳ್ತಾರೆ, ಹಿಂದಿನವರಿಗೆ ಕಷ್ಟ ಕಡಿಮೆ. ಹಕ್ಕಿಗಳೂ ಇದನ್ನೇ ಮಾಡುತ್ತವೆ ಅಂತ ಬಹಳ ಜನ ಅಂದುಕೊಳ್ತಾರೆ. ಹಾಗಿದ್ದಿದ್ದರೆ ಅವು ಒಂದರ ಹಿಂದೊಂದು ನೇರ ಗೆರೆಯಲ್ಲಿ ಹಾರಬೇಕಿತ್ತು. ಪಕ್ಕಕ್ಕೆ ಸರಿದು ಓರೆಯಾಗಿ ಯಾಕೆ ಹಾರುತ್ತವೆ?

ಉತ್ತರ ರೆಕ್ಕೆಯ ತುದಿಯಲ್ಲಿದೆ. ಹಾರುವ ಹಕ್ಕಿಯ ರೆಕ್ಕೆ ಗಾಳಿಯನ್ನ ಕೆಳಕ್ಕೆ ತಳ್ಳುತ್ತೆ, ಅದಕ್ಕೆ ಪ್ರತಿಯಾಗಿ ಹಕ್ಕಿ ಮೇಲೆ ನಿಲ್ಲುತ್ತೆ. ರೆಕ್ಕೆಯ ಕೆಳಗಡೆ ಒತ್ತಡ ಹೆಚ್ಚು, ಮೇಲ್ಗಡೆ ಕಡಿಮೆ. ಒತ್ತಡ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಗಾಳಿ ನುಗ್ಗೋಕೆ ನೋಡುತ್ತೆ. ನುಗ್ಗೋಕೆ ಸಂದಿ ಇರೋದು ರೆಕ್ಕೆಯ ತುದಿಯಲ್ಲಿ. ಅಲ್ಲಿ ಗಾಳಿ ಕೆಳಗಿನಿಂದ ಹೊರಗೆ, ಹೊರಗಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತೆ. ಹಕ್ಕಿ ಮುಂದೆ ಹೋದ ಹಾಗೆ ಎರಡೂ ರೆಕ್ಕೆಯ ತುದಿಯಿಂದ ಎರಡು ಉದ್ದನೆಯ ಸುಳಿಗಳು ಹಿಂದೆ ಉಳಿಯುತ್ತವೆ.

ಈ ಸುಳಿಯಲ್ಲಿ ಎರಡು ಭಾಗ. ಹಕ್ಕಿಯ ನೇರ ಹಿಂದೆ ಗಾಳಿ ಕೆಳಕ್ಕೆ ಇಳಿಯುತ್ತಾ ಇರುತ್ತೆ. ರೆಕ್ಕೆಯ ತುದಿಯಿಂದ ಆಚೆಗೆ, ಗಾಳಿ ಮೇಲಕ್ಕೆ ಏಳ್ತಾ ಇರುತ್ತೆ. ನೇರ ಹಿಂದೆ ಹಾರಿದ ಹಕ್ಕಿಯನ್ನ ಗಾಳಿ ಕೆಳಗೆ ಅದುಮುತ್ತೆ, ಓರೆಯಾಗಿ ಪಕ್ಕದಲ್ಲಿ ಹಾರಿದ ಹಕ್ಕಿಯನ್ನ ಮೇಲಕ್ಕೆ ಎತ್ತುತ್ತೆ. ಸೈಕಲ್ ಸವಾರರಿಗೆ ಬೇಕಿರೋದು ಗಾಳಿಯ ಮರೆ. ಹಕ್ಕಿಗೆ ಬೇಕಿರೋದು ಮೇಲೇಳುವ ಗಾಳಿ. ಆ ಜಾಗ ಇರೋದು ಓರೆಯಲ್ಲಿ. ಪ್ರತಿ ಹಕ್ಕಿಯೂ ತನ್ನ ಮುಂದಿನದರ ಒಂದು ಪಕ್ಕದ ಆ ಜಾಗ ಹುಡುಕಿಕೊಂಡರೆ ತಾನಾಗೇ ಓರೆ ಸಾಲು ಆಗುತ್ತೆ. ಎರಡು ಓರೆ ಸಾಲು ಸೇರಿದರೆ ‘ವಿ’. ಯಾರೂ ನಿಂತು ನಕ್ಷೆ ಬರೆಯಬೇಕಾಗಿಲ್ಲ.

ಇದೇ ಸುಳಿಯಿಂದಾಗಿ ವಿಮಾನ ನಿಲ್ದಾಣಗಳಲ್ಲಿ ದೊಡ್ಡ ವಿಮಾನ ಹೋದ ತಕ್ಷಣ ಸಣ್ಣ ವಿಮಾನವನ್ನ ಬಿಡೋದಿಲ್ಲ, ಕೆಲವು ನಿಮಿಷ ಕಾಯಿಸ್ತಾರೆ. ವಿಮಾನಕ್ಕೆ ಅಪಾಯ ಅನ್ನಿಸುವ ಸುಳಿಯನ್ನೇ ಹಕ್ಕಿ ಕೂಲಿಯಿಲ್ಲದ ಕೆಲಸಗಾರನ ಹಾಗೆ ಬಳಸಿಕೊಳ್ಳುತ್ತೆ. ಈಗ ವಿಮಾನ ಕಂಪನಿಗಳೂ ಅದನ್ನ ಕಲೀತಾ ಇವೆ. 2021ರ ನವೆಂಬರ್‌ನಲ್ಲಿ ಏರ್‌ಬಸ್ ಎರಡು ಎ350 ವಿಮಾನಗಳನ್ನ ಫ್ರಾನ್ಸಿನ ಟುಲೂಸ್‌ನಿಂದ ಕೆನಡಾದ ಮಾಂಟ್ರಿಯಲ್‌ಗೆ ಸುಮಾರು 3 ಕಿಲೋಮೀಟರ್ ಅಂತರದಲ್ಲಿ ಹೀಗೆ ಹಾರಿಸಿತು. ಆ ಒಂದು ಪ್ರಯಾಣದಲ್ಲಿ 6 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಳಿಯಿತು ಅಂತ ಕಂಪನಿ ಹೇಳಿತು.

71 ಅಲ್ಲ, 11ರಿಂದ 14

ಫಾರ್ವರ್ಡ್‌ನಲ್ಲಿರೋ ಆ ‘ಶೇ 71’ ಸುಮ್ಮನೆ ಹುಟ್ಟಿದ್ದಲ್ಲ. 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಿಸಮನ್ ಮತ್ತು ಶೋಲನ್‌ಬರ್ಗರ್ ಅನ್ನೋರು ಒಂದು ಲೆಕ್ಕ ಪ್ರಕಟಿಸಿದರು. 25 ಹಕ್ಕಿಗಳು ಸರಿಯಾದ ಜಾಗದಲ್ಲಿ ಹಾರಿದರೆ ಒಂಟಿ ಹಕ್ಕಿಗಿಂತ ಸುಮಾರು ಶೇ 71ರಷ್ಟು ಹೆಚ್ಚು ದೂರ ಹೋಗಬಹುದು ಅಂತ. ಅದು ವಿಮಾನದ ಹಾಗೆ ರೆಕ್ಕೆ ಚಾಚಿಕೊಂಡ ಹಕ್ಕಿಯ ಮೇಲಿನ ಕಾಗದದ ಲೆಕ್ಕ. ಯಾವ ಹಕ್ಕಿಯನ್ನೂ ಅಳೆದದ್ದಲ್ಲ.

ಅಳೆದದ್ದು 2001ರಲ್ಲಿ. ಹೆನ್ರಿ ವೈಮರ್ಸ್‌ಕಿರ್ಶ್ ಮತ್ತು ಸಂಗಡಿಗರು ಆಫ್ರಿಕಾದ ಸೆನೆಗಲ್‌ನಲ್ಲಿ, ತರಬೇತಿ ಕೊಟ್ಟ ಬಿಳಿ ಪೆಲಿಕನ್‌ಗಳಿಗೆ ಹೃದಯ ಬಡಿತ ಅಳೆಯುವ ಉಪಕರಣ ಕಟ್ಟಿ ಹಾರಿಸಿದರು. ಒಂಟಿಯಾಗಿ ಹಾರುವಾಗಿನದಕ್ಕಿಂತ ಸಾಲಿನಲ್ಲಿ ಹಾರುವಾಗ ಹೃದಯ ಬಡಿತ ಶೇ 11ರಿಂದ 14ರಷ್ಟು ಕಡಿಮೆ ಇತ್ತು. ಸಾಲಿನಲ್ಲಿದ್ದ ಹಕ್ಕಿಗಳು ರೆಕ್ಕೆ ಬಡಿಯದೆ ತೇಲುವ ಹೊತ್ತೂ ಜಾಸ್ತಿ. ನಮ್ಮ ಕೆರೆಯ ಮೇಲೆ ಹಾರುವ ಹೆಜ್ಜಾರ್ಲೆಯ ದೊಡ್ಡಪ್ಪನ ಮಕ್ಕಳು ಇವು ಅನ್ನಬಹುದು.

71ರ ಪಕ್ಕದಲ್ಲಿ 11 ಸಪ್ಪೆ ಕಾಣುತ್ತೆ, ನಿಜ. ಆದರೆ ವಲಸೆ ಹಕ್ಕಿಯ ಜಾಗದಲ್ಲಿ ನಿಂತು ಯೋಚಿಸಿ. ಮೈಯಲ್ಲಿ ತುಂಬಿಕೊಂಡ ಕೊಬ್ಬೇ ಅದರ ಪೆಟ್ರೋಲ್, ದಾರಿಯಲ್ಲಿ ಬಂಕ್ ಇಲ್ಲ. ಸಾವಿರಾರು ಕಿಲೋಮೀಟರಿನ ದಾರಿಯಲ್ಲಿ ಹತ್ತರಲ್ಲಿ ಒಂದು ಪಾಲು ಉಳಿದರೂ ಮುಂದಿನ ಕೆರೆ ಮುಟ್ಟೋದಕ್ಕೂ ಮುಟ್ಟದೇ ಇರೋದಕ್ಕೂ ಅಷ್ಟೇ ವ್ಯತ್ಯಾಸ.

ಮುಂದೆ ಹಾರೋದು ಯಾರು?

ಈಗ ‘ನಾಯಕ’ನ ವಿಷಯ. ಮುಂದಿರೋ ಹಕ್ಕಿಗೆ ಯಾರ ಸುಳಿಯೂ ಸಿಗಲ್ಲ. ಅದರದ್ದು ಎಲ್ಲಕ್ಕಿಂತ ಕಷ್ಟದ ಜಾಗ. ಹಾಗಾದರೆ ಯಾವ ಹಕ್ಕಿಯಾದರೂ ಆ ಜಾಗಕ್ಕೆ ಯಾಕೆ ಹೋಗುತ್ತೆ? ಬುದ್ಧಿವಂತ ಹಕ್ಕಿ ಕೊನೆವರೆಗೂ ಹಿಂದೆಯೇ ಉಳಿಯಬೇಕಲ್ವಾ?

ಇದಕ್ಕೆ ಉತ್ತರ ಸಿಕ್ಕಿದ್ದು ವಾಲ್‌ಡ್ರಾಪ್ ಅನ್ನೋ ಬೋಳು ತಲೆಯ ಕೆಂಬರಲಿನಿಂದ. ಯುರೋಪಿನಲ್ಲಿ ಬೇಟೆಗೆ ಸಿಕ್ಕಿ ನಾನೂರು ವರ್ಷಗಳ ಹಿಂದೆಯೇ ನಾಶವಾಗಿದ್ದ ಈ ಹಕ್ಕಿಯನ್ನ ಆಸ್ಟ್ರಿಯಾದಲ್ಲಿ ಮತ್ತೆ ಬೆಳೆಸ್ತಾ ಇದ್ದಾರೆ. ದಾರಿ ತೋರಿಸೋಕೆ ದೊಡ್ಡ ಹಕ್ಕಿಗಳಿರಲಿಲ್ಲ. ಅದಕ್ಕೇ ಮರಿಗಳನ್ನ ಕೈಯಾರೆ ಸಾಕಿದ ಜನ ಪುಟ್ಟ ಹಾರುವ ಯಂತ್ರದಲ್ಲಿ ಕೂತು ಮುಂದೆ ಹೋಗ್ತಿದ್ದರು, ಮರಿಗಳು ಅವರ ಹಿಂದೆ ಇಟಲಿವರೆಗೆ ಹಾರಿ ದಾರಿ ಕಲಿಯುತ್ತಿದ್ದವು. ಸ್ಟೀವನ್ ಪೋರ್ಚುಗಲ್ ಮತ್ತವರ ತಂಡ ಇಂಥ 14 ಮರಿಗಳ ಬೆನ್ನಿಗೆ ಸಣ್ಣ ಉಪಕರಣ ಕಟ್ಟಿ, ಪ್ರತಿ ಹಕ್ಕಿ ಎಲ್ಲಿದೆ, ಯಾವಾಗ ರೆಕ್ಕೆ ಬಡಿಯಿತು ಅಂತ ದಾಖಲಿಸಿತು. 2014ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹಕ್ಕಿಗಳು ಸಿದ್ಧಾಂತ ಹೇಳಿದ ಜಾಗದಲ್ಲೇ ಇದ್ದವು. ಅಷ್ಟೇ ಅಲ್ಲ, ಮುಂದಿನ ಹಕ್ಕಿಯ ರೆಕ್ಕೆ ತುದಿ ಗಾಳಿಯಲ್ಲಿ ಬರೆದ ಏರಿಳಿತದ ಗೆರೆಯನ್ನೇ ಹಿಂದಿನ ಹಕ್ಕಿಯ ರೆಕ್ಕೆ ತುದಿ ಹಿಂಬಾಲಿಸುತ್ತಿತ್ತು. ಅಕಸ್ಮಾತ್ ನೇರ ಹಿಂದೆ ಬಂದರೆ ಬಡಿತದ ಲಯ ತಿರುಗಿಸಿ, ಕೆಳಕ್ಕಿಳಿಯುವ ಗಾಳಿಯ ಪೆಟ್ಟು ಕಡಿಮೆ ಮಾಡಿಕೊಳ್ಳುತ್ತಿತ್ತು.

ಮರುವರ್ಷ, 2015ರಲ್ಲಿ, ಬರ್ನಾರ್ಡ್ ಫೋಲ್ಕಲ್ ಮತ್ತು ಸಂಗಡಿಗರು ಇದೇ ಜಾತಿಯ ಹಕ್ಕಿಗಳ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು: ಯಾರು ಎಷ್ಟು ಹೊತ್ತು ಮುಂದೆ, ಎಷ್ಟು ಹೊತ್ತು ಹಿಂದೆ? ಪ್ರತಿ ಹಕ್ಕಿ ಸರಾಸರಿ ಶೇ 32ರಷ್ಟು ಸಮಯ ಇನ್ನೊಂದರ ಸುಳಿಯ ಲಾಭ ಪಡೆಯುತ್ತಿತ್ತು. ಯಾವುದು ಎಷ್ಟು ಹೊತ್ತು ಲಾಭ ಪಡೆಯಿತೋ, ಹೆಚ್ಚುಕಮ್ಮಿ ಅಷ್ಟೇ ಹೊತ್ತು ಮುಂದೆ ಹಾರಿ ಲಾಭ ಕೊಟ್ಟಿತ್ತು. ಈ ಕೊಡು-ಕೊಳ್ಳುವಿಕೆ ಜೋಡಿ ಜೋಡಿಯ ನಡುವೆ, ಆಗಾಗ ಜಾಗ ಬದಲಾಯಿಸಿಕೊಂಡು ನಡೆಯುತ್ತಿತ್ತು. ಬರೀ ಹಿಂದೆ ಕೂತು ಮಜಾ ಮಾಡುವ ಹಕ್ಕಿ ಸಿಗಲಿಲ್ಲ.

ಅಂದ್ರೆ ‘ವಿ’ಯ ತುದಿ ಅಧಿಕಾರದ ಪೀಠ ಅಲ್ಲ, ಪಾಳಿ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಮಾಡ್ತಿದ್ರಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಅದಕ್ಕೆ ಇದು ಹತ್ತಿರ. ‘ನಾಯಕನ ಹಿಂದೆ ಶಿಸ್ತಾಗಿ ನಿಲ್ಲಿ’ ಅನ್ನೋದಕ್ಕೆ ಬಹಳ ದೂರ. ಹಿಂದಿನವು ಕೂಗೋದೂ ಜೈಕಾರ ಅಲ್ಲ. ಹೆಬ್ಬಾತುಗಳ ಹಾರಾಟದ ಕೂಗು, ಸಂಸಾರ ಮತ್ತು ಗುಂಪು ಚದುರದ ಹಾಗೆ ಒಂದಕ್ಕೊಂದು ಕೊಡುವ ಸುಳಿವು.

ಎಲ್ಲವೂ ಸಾಲು ಕಟ್ಟಲ್ಲ

ಇಲ್ಲೇ ಇನ್ನೊಂದು ಎಚ್ಚರಿಕೆ. ಒಗ್ಗಟ್ಟೇ ಬಲ ಅಂತ ಎಲ್ಲ ಹಕ್ಕಿಯಿಂದಲೂ ಪಾಠ ತೆಗೆಯೋಕಾಗಲ್ಲ.

ಪಾರಿವಾಳ ನೋಡಿ. ಗುಂಪಾಗಿ ಒತ್ತೊತ್ತಾಗಿ ಹಾರುತ್ತವೆ. 2011ರಲ್ಲಿ ಜೇಮ್ಸ್ ಅಶರ್‌ವುಡ್ ತಂಡ ಅಳೆದಾಗ, ಒತ್ತಾದ ಗುಂಪಿನಲ್ಲಿ ಪಾರಿವಾಳಗಳು ಹೆಚ್ಚು ವೇಗವಾಗಿ ರೆಕ್ಕೆ ಬಡಿಯಬೇಕಾಗಿತ್ತು. ಅಂದ್ರೆ ಗುಂಪಿನಲ್ಲಿ ಹಾರೋದಕ್ಕೆ ಅವು ಶಕ್ತಿಯನ್ನ ತೆರುತ್ತವೆ. ಆದರೂ ಗುಂಪು ಬಿಡಲ್ಲ, ಯಾಕಂದ್ರೆ ಗಿಡುಗದ ಕಣ್ಣಿಗೆ ಒಂಟಿ ಹಕ್ಕಿ ಸುಲಭದ ತುತ್ತು. ಚಳಿಗಾಲದಲ್ಲಿ ಯುರೋಪ್ ಮತ್ತು ಮಧ್ಯ ಏಷ್ಯಾ ಕಡೆಯಿಂದ ನಮ್ಮಲ್ಲಿಗೆ ಬರುವ ಗುಲಾಬಿ ಕಬ್ಬಕ್ಕಿಗಳೂ ‘ವಿ’ ಕಟ್ಟಲ್ಲ, ಮೋಡದ ಹಾಗೆ ಹೊರಳುತ್ತವೆ. ಅವುಗಳ ನೆಂಟ ಯುರೋಪಿನ ಕಬ್ಬಕ್ಕಿಗಳನ್ನ ರೋಮ್ ನಗರದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು 2008ರಲ್ಲಿ ಕಂಡುಕೊಂಡಿದ್ದು: ಪ್ರತಿ ಹಕ್ಕಿ ಗಮನ ಇಡೋದು ಹತ್ತಿರದ ಆರೇಳು ಹಕ್ಕಿಗಳ ಮೇಲೆ ಮಾತ್ರ. ಸಾವಿರಾರು ಹಕ್ಕಿಗಳ ಆ ಮಹಾ ನಾಟ್ಯಕ್ಕೆ ನಿರ್ದೇಶಕ ಇಲ್ಲ.

ಬಣ್ಣದ ಕೊಕ್ಕರೆ, ಹದ್ದುಗಳದ್ದು ಮತ್ತೊಂದು ದಾರಿ. ಬಿಸಿಲಿಗೆ ನೆಲ ಕಾದು ಮೇಲೇಳುವ ಗಾಳಿಯ ಕಂಬ ಹತ್ತಿ, ಸುತ್ತುತ್ತಾ ಎತ್ತರಕ್ಕೇರಿ, ಅಲ್ಲಿಂದ ಜಾರುತ್ತವೆ. ಮೇಲೇಳುವ ಗಾಳಿ ನೆಲದಿಂದಲೇ ಸಿಗುವಾಗ ಮುಂದಿನ ಹಕ್ಕಿಯ ಸುಳಿ ಯಾಕೆ ಬೇಕು? ಜಿಕೆವಿಕೆಯ ಮರಗಳಲ್ಲಿ ಚಳಿಗಾಲ ಕಳೆಯುವ ಹತ್ತು ಗ್ರಾಂ ತೂಕದ ಪುಟ್ಟ ಉಲಿಯಕ್ಕಿಗಳಂತೂ ರಾತ್ರಿ ಕತ್ತಲಲ್ಲಿ ವಲಸೆ ಬರುತ್ತವೆ, ಸಾಲಿಲ್ಲ, ಸೂತ್ರವಿಲ್ಲ. ಇನ್ನು ಕೋಗಿಲೆ ಜಾತಿಯ ವಲಸಿಗ ಹಕ್ಕಿಯ ಮರಿ ಬೇರೆಯವರ ಗೂಡಲ್ಲಿ ಬೆಳೆದು, ಹೆತ್ತವರನ್ನ ನೋಡದೇನೇ ಒಂಟಿಯಾಗಿ ಖಂಡ ದಾಟುತ್ತೆ. ಅದರ ದಾರಿ ಹುಟ್ಟಿನಲ್ಲೇ ಬಂದಿರುತ್ತೆ.

ಹೆಬ್ಬಾತು, ಕ್ರೌಂಚಗಳ ಕಥೆ ಹಾಗಲ್ಲ. ಅವು ದಾರಿ ಕಲಿಯೋದು ಹಿರಿಯರ ಜೊತೆ ಹಾರಿ. ಅಮೆರಿಕದ ವೂಪಿಂಗ್ ಕ್ರೌಂಚಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ವರ್ಷದ ಹಿರಿಯ ಹಕ್ಕಿ ಇದ್ದ ಗುಂಪು, ಬರೀ ಒಂದು ವರ್ಷದ ಮರಿಗಳಿದ್ದ ಗುಂಪಿಗಿಂತ ಶೇ 38ರಷ್ಟು ಕಡಿಮೆ ದಾರಿ ತಪ್ಪುತ್ತಿತ್ತು. ಹಾಗಾಗಿ ಒಟ್ಟಿಗೆ ಹಾರೋದರಲ್ಲಿ ಗಾಳಿಯ ಲಾಭದ ಜೊತೆ ನೆನಪಿನ ಲಾಭವೂ ಇದೆ. ಯಾವ ಕೆರೆಯಲ್ಲಿ ಇಳೀಬೇಕು ಅನ್ನೋ ನೆನಪು ತಲೆಮಾರಿನಿಂದ ತಲೆಮಾರಿಗೆ ಹೋಗುತ್ತೆ.

ಗದಗದ ಮಾಗಡಿಗೆ ಬರುವ ಅತಿಥಿ

ಆ ನೆನಪಿನ ಕೊನೆಯ ನಿಲ್ದಾಣಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆ (ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ). ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಮೈಸೂರು ಜಿಲ್ಲೆಯ ಹದಿನಾರು ಕೆರೆಗೂ ಬರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದಲ್ಲಿ ಕಂಡಿವೆ. ಎರಡು ಮೂರು ಕಿಲೋ ತೂಕದ ಹಕ್ಕಿ ಅಷ್ಟು ದೂರದಿಂದ ಬಂದು ನಮ್ಮ ಕೆರೆಯ ಕೆಸರಿನಲ್ಲಿ ಕಾಲಿಡುತ್ತೆ.

ಇದು ಎವರೆಸ್ಟ್ ಮೇಲಿಂದ ಹಾರುತ್ತೆ ಅನ್ನೋ ಮಾತು ಜನಪ್ರಿಯ. ಉಪಗ್ರಹ ಉಪಕರಣ ಕಟ್ಟಿ ನೋಡಿದಾಗ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಆದರೆ ಬಹುಪಾಲು ಹಾರಾಟ 5,500 ಮೀಟರಿನ ಕೆಳಗೇ. 2015ರ ಅಧ್ಯಯನವೊಂದು ತೋರಿಸಿದ ಹಾಗೆ ಇವು ಒಂದೇ ಎತ್ತರದಲ್ಲಿ ಹೋಗದೆ, ಬೆಟ್ಟ ಕಣಿವೆಗಳ ಮೈಗೆ ಅಂಟಿಕೊಂಡ ಹಾಗೆ ಏರಿಳಿಯುತ್ತವೆ. ತೆಳು ಗಾಳಿಯಲ್ಲಿ ಎತ್ತರ ಉಳಿಸಿಕೊಳ್ಳೋ ಖರ್ಚಿಗಿಂತ ಇಳಿದು ಮತ್ತೆ ಹತ್ತೋದೇ ಅಗ್ಗ. ಅವುಗಳ ರಕ್ತಕ್ಕೂ ಕಡಿಮೆ ಆಮ್ಲಜನಕದಲ್ಲಿ ಕೆಲಸ ಮಾಡುವ ಕಸುವಿದೆ. ಇಡೀ ಬದುಕೇ ಶಕ್ತಿಯ ಜಮಾಖರ್ಚು.

ಆ ಲೆಕ್ಕದಲ್ಲಿ ಸಾಲು ಕಟ್ಟೋದು ಒಂದು ಬಾಬತ್ತು ಮಾತ್ರ. ಇನ್ನೊಂದು ದೊಡ್ಡ ಬಾಬತ್ತು ಇಳಿಯೋಕೆ ಕೆರೆ, ತಿನ್ನೋಕೆ ಹೊಲ. 2024ರ ಜನವರಿ 31ರಂದು ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳಾದವು ಅಂತ ಕೇಂದ್ರ ಸರ್ಕಾರ ಪ್ರಕಟಿಸಿತು. ಸಂತೋಷ. ಆದರೆ ಆ ಹೆಬ್ಬಾತು ಮೇಯೋದು ಸುತ್ತಲಿನ ರೈತರ ಹೊಲದಲ್ಲಿ. ಪಟ್ಟ ಕೆರೆಗೆ ಸಿಕ್ಕಿದೆ, ಅತಿಥಿಯ ಊಟದ ಖರ್ಚು ರೈತರ ತಲೆ ಮೇಲಿದೆ. ಸಂರಕ್ಷಣೆ ಬಗ್ಗೆ ಮಾತಾಡೋ ನಾವು ನಗರದವರು ಈ ಬಿಲ್ಲು ಯಾರು ಕಟ್ತಿದ್ದಾರೆ ಅಂತ ಕೇಳಲೇಬೇಕು.

ಆಕಾಶ ಯಾರದ್ದು?

ಮತ್ತೆ ಯಲಹಂಕಕ್ಕೆ ಬರೋಣ. 1996ರಿಂದ ಇಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತೆ. ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳು ಬಾಣದ ಆಕಾರ ಕಟ್ಟಿ ಹಾರಿದಾಗ ಅಲ್ಲಾಳಸಂದ್ರದ ಮನೆ ಮಾಳಿಗೆಗಳೆಲ್ಲ ತುಂಬಿರುತ್ತವೆ. ಅದು ನೋಡೋಕೆ ಹಕ್ಕಿ ಸಾಲಿನ ಹಾಗೇ, ಆದರೆ ಉದ್ದೇಶ ಪೂರ್ತಿ ಬೇರೆ. ಅದು ಇಂಧನ ಉಳಿಸೋಕಲ್ಲ, ಕೌಶಲ ತೋರಿಸೋಕೆ. ಅಲ್ಲಿ ನಾಯಕ ಇದ್ದಾನೆ, ಜಾಗ ನಿಗದಿಯಾಗಿದೆ, ತಪ್ಪಿಗೆ ಬೆಲೆ ಪ್ರಾಣ. 2019ರ ಫೆಬ್ರುವರಿ 19ರಂದು ತಾಲೀಮಿನಲ್ಲಿ ಎರಡು ಸೂರ್ಯಕಿರಣ್ ವಿಮಾನಗಳು ಇಲ್ಲೇ ಡಿಕ್ಕಿ ಹೊಡೆದು ಒಬ್ಬ ಪೈಲಟ್ ಜೀವ ಹೋಯಿತು.

ಪ್ರದರ್ಶನ ಹತ್ತಿರ ಬಂದಾಗ ಪಾಲಿಕೆಯ ಆದೇಶ ಬರುತ್ತೆ. 2023ರಲ್ಲಿ ವಾಯುನೆಲೆಯ 10 ಕಿಲೋಮೀಟರ್ ಸುತ್ತ, 2025ರಲ್ಲಿ 13 ಕಿಲೋಮೀಟರ್ ಸುತ್ತ ಮಾಂಸ ಮಾರಾಟ ನಿಷೇಧ, ವಾರಗಟ್ಟಲೆ. ಕಾರಣ: ಬಿಸಾಡಿದ ಮಾಂಸಕ್ಕೆ ಹದ್ದುಗಳು ಬರುತ್ತವೆ, ವಿಮಾನಕ್ಕೆ ಬಡಿಯುತ್ತವೆ. ಅಪಾಯ ನಿಜವೇ. ಆದರೆ ಹದ್ದನ್ನ ಕರೆಯೋದು ಅಂಗಡಿಯಲ್ಲಿ ತೂಗೋ ಮಾಂಸ ಅಲ್ಲ, ರಸ್ತೆ ಬದಿ ಕೊಳೆಯೋ ಕಸ. ಅದನ್ನ ವರ್ಷವಿಡೀ ಎತ್ತಬೇಕಾದ ವ್ಯವಸ್ಥೆ ಎತ್ತದೇ, ಎರಡು ವರ್ಷಕ್ಕೊಮ್ಮೆ ಸಣ್ಣ ಅಂಗಡಿಯವರ ಷಟರ್ ಎಳೆಸೋದು ಸುಲಭದ ದಾರಿ. ಹಾರೋರ ಸುರಕ್ಷತೆಯ ಖರ್ಚನ್ನ ಇಲ್ಲೂ ಕೆಳಗಿರೋರೇ ಕಟ್ತಾರೆ.

ಕೆರೆಗಳ ಕಥೆಯೂ ಇದರಿಂದ ದೂರ ಇಲ್ಲ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್ ಇರಬೇಕು ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು, ನಗರ ಯೋಜನೆಯ 30 ಮೀಟರ್ ಉಳಿಯಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ, ಕೆರೆಯ ವಿಸ್ತೀರ್ಣ ನೋಡಿ ಬಫರ್ ಇನ್ನೂ ಇಳಿಸುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಕೆರೆಗೆ ಸಣ್ಣ ಬಫರ್ ಅನ್ನೋದು ಕೇಳೋಕೆ ನ್ಯಾಯ ಅನ್ನಿಸುತ್ತೆ. ಹಕ್ಕಿಯ ಕಣ್ಣಿಂದ ನೋಡಿದರೆ ಉಲ್ಟಾ. ದೊಡ್ಡ ಕೆರೆಯ ನಡುವೆ ಮನುಷ್ಯರಿಂದ ದೂರ ಕೂರೋಕೆ ಜಾಗ ಇರುತ್ತೆ. ಸಣ್ಣ ಕೆರೆಯಲ್ಲಿ ದಂಡೆಯೇ ಎಲ್ಲ, ಅದರ ಸುತ್ತಲಿನ ಜೌಗೇ ಊಟದ ತಟ್ಟೆ.

ಬೆಂಗಳೂರಿನ ಕೆರೆಗಳು ಬಿಡಿ ಬಿಡಿ ಹೊಂಡಗಳಲ್ಲ, ಸರಪಳಿ. ಮೇಲಿನ ಕೆರೆ ತುಂಬಿದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಹಕ್ಕಿಗೂ ಅವು ಸರಪಳಿಯೇ. ಬೆಳಗ್ಗೆ ಒಂದರಲ್ಲಿ ಮೀನು, ಮಧ್ಯಾಹ್ನ ಇನ್ನೊಂದರಲ್ಲಿ, ರಾತ್ರಿ ಮತ್ತೊಂದರ ಮರದಲ್ಲಿ. 2015ರಲ್ಲಿ ಪುಟ್ಟೇನಹಳ್ಳಿ ಕೆರೆಯನ್ನ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದು ಒಳ್ಳೇದೇ. ಆದರೆ ಒಂದು ಕೊಂಡಿಗೆ ಬೇಲಿ ಹಾಕಿ ಪಕ್ಕದ ಕೊಂಡಿಗಳನ್ನ ಸವೆಯೋಕೆ ಬಿಟ್ಟರೆ ಸರಪಳಿ ಉಳಿಯಲ್ಲ. ಗಾಳಿಯಲ್ಲಿ ಹತ್ತು ಹನ್ನೆರಡು ಪಾಲು ಉಳಿಸಿಕೊಂಡು ಬಂದ ಹಕ್ಕಿ, ಇಳಿಯೋಕೆ ಜಾಗ ಹುಡುಕುತ್ತಾ ಆ ಉಳಿತಾಯವನ್ನೆಲ್ಲ ನಮ್ಮ ತಲೆ ಮೇಲೇ ಸುಟ್ಟುಬಿಡುತ್ತೆ.

ಈ ಕೊಂಡಿಗಳನ್ನ ಕಾಯಬೇಕಾದವರು ಯಾರು? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಬಂದವು. ಬೋರ್ಡು ಬದಲಾಯಿತು. ಕೆರೆಗೆ ಕೊಳಚೆ ಬಂತು ಅಂತ ಹೋಗಿ ಬಾಗಿಲು ತಟ್ಟೋಕೆ ಆ ಐದು ವರ್ಷವೂ ವಾರ್ಡಿನಲ್ಲಿ ಚುನಾಯಿತ ಸದಸ್ಯ ಇರಲಿಲ್ಲ. ಹಾರಾಟದಲ್ಲಿ ಆಗಾಗ ಪಾಳಿ ಬದಲಿಸೋ ಹಕ್ಕಿಗಳ ಫೋಟೊ ಹಾಕಿ ನಮಗೆ ಶಿಸ್ತು ಕಲಿಸೋಕೆ ಬರೋ ಮುಖಂಡರಿಗೆ ನಾವು ಕೇಳಬೇಕಾದ ಪ್ರಶ್ನೆ ಇದೇ: ಪಾಳಿ ಯಾವಾಗ?

ಮುಂದಿನ ವಾರ್ಡ್ ಚುನಾವಣೆಗೆ ನಿಮ್ಮ ಮನೆಗೆ ಮತ ಕೇಳೋಕೆ ಬಂದವರ ಹತ್ತಿರ ಮೂರು ವಿಷಯ ಕೇಳಿ. ನಮ್ಮ ಕೆರೆಯ ಗಡಿ ಸರ್ವೆ ಆಗಿದೆಯಾ? ರಾಜಕಾಲುವೆಯಲ್ಲಿ ಹರಿಯೋದು ಮಳೆ ನೀರಾ, ಕೊಳಚೆಯಾ? ಬಫರ್ ಇಳಿಸೋದಕ್ಕೆ ನೀವು ಪರವೋ, ವಿರೋಧವೋ? ಉತ್ತರ ಬರೆದಿಟ್ಟುಕೊಳ್ಳಿ, ಗೆದ್ದ ಮೇಲೆ ಮತ್ತೆ ಕೇಳಿ.